ರಬಾತ್‌ನಲ್ಲಿ ಸೋತ ಪಂದ್ಯವಲ್ಲ ಅದು



ಇವತ್ತು ರಾಜಕೀಯ ಬೇಡ. ದಿನಾ ಇದ್ದಿದ್ದೇ. ಇವತ್ತು ಫುಟ್‌ಬಾಲ್ ಬಗ್ಗೆ ಮಾತಾಡೋಣ. ಅದೂ ಆಫ್ರಿಕಾದ ಫುಟ್‌ಬಾಲ್. ನಮಗೂ ಆಫ್ರಿಕಾಕ್ಕೂ ಏನ್ರೀ ಸಂಬಂಧ ಅಂತ ಕೇಳ್ತೀರಾ? ಇದೆ. ಸ್ವಲ್ಪ ತಾಳ್ಮೆಯಿಂದ ಕೇಳಿ.

ಕೆಲಸದ ಮೇಲೆ ನಾನು ಕರಾವಳಿಗೆ ಹೋಗಿದ್ದೆ. ನವೆಂಬರ್ 16ರ ರಾತ್ರಿ ಭಟ್ಕಳದಲ್ಲಿ ಉಳಿದುಕೊಂಡಿದ್ದೆ. ನಿದ್ದೆ ಬರಲಿಲ್ಲ, ಕೆಳಗೆ ಬಂದೆ. ಲಾಡ್ಜ್ ಬಾಗಿಲಲ್ಲಿ ನಾಲ್ಕು ಜನ ಹುಡುಗರು ಒಂದೇ ಮೊಬೈಲಿಗೆ ಮುಖ ಕೊಟ್ಟು ಕೂತಿದ್ದರು. ಗಂಟೆ ಹನ್ನೆರಡೂವರೆ ದಾಟಿತ್ತು. ಮೊರಾಕ್ಕೋ ದೇಶದ ರಬಾತ್‌ನಲ್ಲಿ ನೈಜೀರಿಯಾ ಮತ್ತು ಕಾಂಗೋ ಆಡುತ್ತಿದ್ದವು. 2026ರ ವಿಶ್ವಕಪ್ ಅರ್ಹತೆಗಾಗಿ ಆಫ್ರಿಕಾ ಪ್ಲೇ-ಆಫ್ ಫೈನಲ್. ಗೆದ್ದವರಿಗೆ ಇನ್ನೊಂದು ಅವಕಾಶ, ಮಾರ್ಚ್‌ನಲ್ಲಿ ಬೇರೆ ಖಂಡದ ತಂಡಗಳ ಜೊತೆ ಮತ್ತೊಂದು ಪ್ಲೇ-ಆಫ್. ಸೋತವರು ಸೀದಾ ಮನೆಗೆ.

ನಾನೂ ಕೂತೆ. ಮೂರನೇ ನಿಮಿಷಕ್ಕೇ ನೈಜೀರಿಯಾದ ಗೋಲು. 32ನೇ ನಿಮಿಷಕ್ಕೆ ಕಾಂಗೋ ಸಮ ಮಾಡಿತು. ಆಮೇಲೆ ಎಷ್ಟು ಒದ್ದಾಡಿದರೂ ಗೋಲಿಲ್ಲ. ಹೆಚ್ಚುವರಿ ಅರ್ಧ ಗಂಟೆಯೂ ಮುಗೀತು. ಪೆನಾಲ್ಟಿ ಶೂಟೌಟ್. ಅದಕ್ಕಂತಲೇ ಕಾಂಗೋದವರು ಕೊನೆ ಗಳಿಗೆಯಲ್ಲಿ ಗೋಲ್‌ಕೀಪರನ್ನೇ ಬದಲಾಯಿಸಿದರು. ಹೊಸದಾಗಿ ಬಂದ ಫಯೂಲು, ನೈಜೀರಿಯಾದ ಸೆಮಿ ಅಜಾಯಿ ಒದ್ದ ಚೆಂಡನ್ನು ತಡೆದ. ಕಾಂಗೋ ನಾಯಕ ಎಂಬೆಂಬಾ ಬಂದು ಒದ್ದ. ಗೋಲು. 4-3. ಇಪ್ಪತ್ತೆರಡು ಕೋಟಿಗೂ ಹೆಚ್ಚು ಜನ ಇರುವ ನೈಜೀರಿಯಾ ಹೊರಗೆ.

ಪಂದ್ಯ ಮುಗಿದ ಮೇಲೆ ನೈಜೀರಿಯಾದ ಕೋಚ್ ಏನಂದರು ಗೊತ್ತಾ? ಕಾಂಗೋದವರು ಮಾಟ ಮಾಡಿದರು ಅಂತ! ನೋಡಿ, ಸೋಲಿಗೆ ಕಾರಣ ಹುಡುಕೋದರಲ್ಲಿ ಎಲ್ಲ ದೇಶದವರೂ ಒಂದೇ.

ಆದರೆ ನನ್ನ ಪಕ್ಕ ಕೂತಿದ್ದ ಹುಡುಗ ನಗಲಿಲ್ಲ. "ಸರ್, ಅಜಾಯಿ ಈಗ ಊರಿಗೆ ಹೆಂಗೆ ಹೋಗ್ತಾನೆ?" ಅಂದ. ಯಾಕೋ ಹಾಗಂತೀಯ ಅಂದರೆ, ಅವನದೂ ಒಂದು ಕಥೆ. ಎರಡು ವರ್ಷದ ಹಿಂದೆ ಹೊನ್ನಾವರದ ಕಡೆ ಒಂದು ಪಂದ್ಯಾವಳಿ. ಹೊನಲು ಬೆಳಕು, ಮೈಕು, ದೊಡ್ಡ ಟ್ರೋಫಿ, ಎಲ್ಲ ಇತ್ತು. ಇವರ ತಂಡದ ಮೊದಲ ಪಂದ್ಯ, ಶೂಟೌಟ್, ಇವನು ಒದ್ದದ್ದು ಕಂಬಕ್ಕೆ ಬಡಿಯಿತು. ಟೆಂಪೋದಲ್ಲಿ ವಾಪಸ್ ಬರುವಾಗ ಯಾರೂ ಮಾತಾಡಲಿಲ್ಲವಂತೆ. ಆಮೇಲೆ ಇವನನ್ನು ಯಾರೂ ಆಡೋಕೆ ಕರೆಯಲಿಲ್ಲ. ಇವನೂ ಹೋಗಲಿಲ್ಲ. ಈಗ ಮೊಬೈಲಲ್ಲಿ ಪಂದ್ಯ ನೋಡ್ತಾನೆ, ಅಷ್ಟೇ.

ಆ ಮಾತು ನನ್ನನ್ನು ಬಿಡಲಿಲ್ಲ. ರೂಮಿಗೆ ಹೋಗಿ ಹಳೆಯ ಲೆಕ್ಕ ತೆಗೆದು ನೋಡಿದೆ. ವೀಕ್ಷಕರೇ, ಇಲ್ಲಿದೆ ಅಸಲಿ ವಿಷಯ.

ನೈಜೀರಿಯಾ ಈ ಪ್ಲೇ-ಆಫ್‌ಗೆ ಬಂದಿದ್ದಾದರೂ ಯಾಕೆ? ಗುಂಪಿನಲ್ಲಿ ಹತ್ತು ಪಂದ್ಯ ಆಡಿ 17 ಅಂಕ ಗಳಿಸಿತ್ತು. ದಕ್ಷಿಣ ಆಫ್ರಿಕಾದ್ದು 18. ಒಂದೇ ಒಂದು ಅಂಕದಲ್ಲಿ ನೇರ ಅರ್ಹತೆ ಕೈತಪ್ಪಿತು. ಹಾಗಾದರೆ ಅಂಕ ಕಳೆದುಕೊಂಡದ್ದು ಎಲ್ಲಿ? ಅವರದೇ ನೆಲದಲ್ಲಿ, ಉಯೋ ಎಂಬ ಊರಿನಲ್ಲಿ, ಪುಟ್ಟ ದೇಶ ಲೆಸೊಥೋ ಜೊತೆ 1-1 ಡ್ರಾ. ಆ ದಿನ ಯಾವುದು? 2023ರ ನವೆಂಬರ್ 16. ಸರಿಯಾಗಿ ಎರಡು ವರ್ಷ ಮುಂಚೆ, ಅದೇ ತಾರೀಕು! ಆ ದಿನ ಗೆದ್ದಿದ್ದರೆ ಎರಡು ಅಂಕ ಹೆಚ್ಚಾಗಿ 19 ಆಗುತ್ತಿತ್ತು. ರಬಾತ್‌ಗೆ ಹೋಗುವ ಪ್ರಮೇಯವೇ ಇರುತ್ತಿರಲಿಲ್ಲ. ಇನ್ನೊಂದು ವಿಷಯ ಕೇಳಿ. ಲೆಸೊಥೋ ಮುಂದಿದ್ದಾಗ ಗೋಲು ಹೊಡೆದು ಆ ಒಂದು ಅಂಕವನ್ನಾದರೂ ಉಳಿಸಿಕೊಟ್ಟವನು ಯಾರು? ಇದೇ ಸೆಮಿ ಅಜಾಯಿ!

ಈಗ ಹೇಳಿ, ನೈಜೀರಿಯಾವನ್ನು ಸೋಲಿಸಿದ್ದು ಅಜಾಯಿಯೇ? ನಾಕೌಟ್ ರಾತ್ರಿಯಲ್ಲಿ ನಮ್ಮ ಕಣ್ಣಿಗೆ ಬೀಳುವವನು ಕೊನೆಗೆ ಒದ್ದವನು ಮಾತ್ರ. ಜನ ಮರೆತುಹೋದ ಒಂದು ಸಾಧಾರಣ ದಿನದಲ್ಲಿ ಕಳೆದುಕೊಂಡದ್ದು ಯಾರ ಕಣ್ಣಿಗೂ ಬೀಳೋದಿಲ್ಲ.

ಇದರ ಇನ್ನೊಂದು ಮಗ್ಗುಲು ನೋಡಿ. ಕೇಪ್ ವರ್ಡ್. ಅಟ್ಲಾಂಟಿಕ್ ಸಾಗರದ ಹತ್ತು ದ್ವೀಪ, ಜನಸಂಖ್ಯೆ ಐದು ಲಕ್ಷ ಚಿಲ್ಲರೆ. ಅದು 2025ರ ಅಕ್ಟೋಬರ್ 13ರಂದು ಎಸ್ವಾಟಿನಿಯನ್ನು 3-0ಯಿಂದ ಸೋಲಿಸಿ ಮೊದಲ ಬಾರಿಗೆ ವಿಶ್ವಕಪ್‌ಗೆ ಹೋಯಿತು. ಗುಂಪಿನಲ್ಲಿ 23 ಅಂಕ. ಅದೇ ಗುಂಪಿನಲ್ಲಿದ್ದ ದೈತ್ಯ ಕ್ಯಾಮರೂನ್‌ಗೆ 19. ಕ್ಯಾಮರೂನ್ ಪ್ಲೇ-ಆಫ್‌ಗೆ ಬಿತ್ತು. ಅಲ್ಲಿ ತೊಂಬತ್ತು ನಿಮಿಷ ದಾಟಿದ ಮೇಲೆ ಇದೇ ಎಂಬೆಂಬಾ ಗೋಲು ಹೊಡೆದು ಮನೆಗೆ ಕಳಿಸಿದ. ಚಿಕ್ಕವರನ್ನು ಮೇಲೆತ್ತಿದ್ದು ಲಾಟರಿಯಲ್ಲ, ಹತ್ತು ಪಂದ್ಯಗಳ ಲೆಕ್ಕ.

ಈಗ ನಮ್ಮ ಲೆಕ್ಕ. ಭಟ್ಕಳ, ಹೊನ್ನಾವರ, ಕುಮಟಾ ಮೂರೂ ತಾಲೂಕು ಸೇರಿಸಿ. 2011ರ ಜನಗಣತಿ ಪ್ರಕಾರ ನಾಲ್ಕೂ ಮುಕ್ಕಾಲು ಲಕ್ಷದ ಮೇಲೆ. ಹೆಚ್ಚುಕಮ್ಮಿ ಒಂದು ಕೇಪ್ ವರ್ಡ್! ಒಂದೇ ಹೆದ್ದಾರಿಯ ಮೇಲೆ, ಅರವತ್ತು ಕಿಲೋಮೀಟರ್ ಆಸುಪಾಸಿನಲ್ಲಿ. ನಾನು ಇವರು ವಿಶ್ವಕಪ್ ಆಡ್ತಾರೆ ಅಂತ ಹೇಳ್ತಿಲ್ಲ ಸ್ವಾಮಿ. ಇವರು ವರ್ಷಕ್ಕೆ ಎಷ್ಟು ಪಂದ್ಯ ಆಡ್ತಾರೆ ಅಂತ ಕೇಳ್ತಿದ್ದೀನಿ.

ಮರುದಿನ ಕುಮಟಾದಲ್ಲಿ ದೈಹಿಕ ಶಿಕ್ಷಕರೊಬ್ಬರನ್ನು ಇದನ್ನೇ ಕೇಳಿದೆ. "ಎರಡು, ಹೆಚ್ಚೆಂದರೆ ಮೂರು ಮಾರಾಯ್ರೇ. ಶಾಲೆ ಕ್ರೀಡಾಕೂಟ ನಾಕೌಟು, ಊರ ಟೂರ್ನಮೆಂಟೂ ನಾಕೌಟು. ಅರ್ಧ ಗಂಟೆ ಆಡಿ ಸೋತರೆ ಆ ವರ್ಷ ಮುಗೀತು. ಹುಡುಗ ಕಲಿಯೋದು ಯಾವಾಗ?" ಅಂದರು.

ಈ ಸೀಮೆಯವರಿಗೆ ಇದನ್ನು ನಾನು ಹೇಳಿಕೊಡಬೇಕಾ? ಯಕ್ಷಗಾನದ ನೆಲ ಇದು. ಕೆರೆಮನೆಯವರ ಇಡಗುಂಜಿ ಮೇಳ 1934ರಲ್ಲಿ ಹುಟ್ಟಿದ ಊರು. ಕಲಾವಿದ ತಯಾರಾಗೋದು ಸ್ಪರ್ಧೆಯಲ್ಲಿ ಒಂದು ದಿನ ಕುಣಿದಲ್ಲ. ಕೋಡಂಗಿ, ಬಾಲಗೋಪಾಲ ವೇಷದಿಂದ ಶುರು ಮಾಡಿ, ರಾತ್ರಿಯಿಂದ ರಾತ್ರಿಗೆ ಆಟ ಆಡಿ ಆಡಿ. ಒಂದು ರಾತ್ರಿ ಹೆಜ್ಜೆ ತಪ್ಪಿದರೆ ನಾಳೆ ಮತ್ತೆ ಗೆಜ್ಜೆ ಕಟ್ಟಬಹುದು. ಭಟ್ಕಳದ ಆ ಹುಡುಗನಿಗೆ ಆ ನಾಳೆ ಸಿಗಲೇ ಇಲ್ಲ.

ದೇಶದ್ದೂ ಇದೇ ಹಣೆಬರಹ. ನವೆಂಬರ್ 18ರಂದು ಢಾಕಾದಲ್ಲಿ ಬಾಂಗ್ಲಾದೇಶ ನಮ್ಮನ್ನು 1-0ಯಿಂದ ಸೋಲಿಸಿತು. 2025ರ ನವೆಂಬರ್‌ನ ಆ ಹೊತ್ತಿಗೆ ನಮ್ಮ ದೊಡ್ಡ ಲೀಗ್ ಐಎಸ್‌ಎಲ್ ಇನ್ನೂ ಶುರುವೇ ಆಗಿರಲಿಲ್ಲ. ದೆಹಲಿಯವರು ಸರಿ ಮಾಡಲಿ ಅಂತ ಕಾಯೋದು ಬೇಡ. ಕೊಲ್ಲಿ ದೇಶಗಳಲ್ಲಿರುವ ಭಟ್ಕಳದ ಬಂಧುಗಳೇ, ಕೇಪ್ ವರ್ಡ್ ತಂಡವನ್ನು ಕಟ್ಟಿದ್ದರಲ್ಲಿ ವಲಸೆ ಹೋದವರ ಮಕ್ಕಳ ಪಾಲು ದೊಡ್ಡದು. ನೀವು ಊರಿನ ಆಟಕ್ಕೆ ಕೈ ಎತ್ತಿ ಕೊಡುವವರು. ಆಳೆತ್ತರದ ಟ್ರೋಫಿಗೆ ಕೊಡುವ ದುಡ್ಡಿನಲ್ಲಿ ಒಂದು ಪಾಲು ಚೆಂಡಿಗೆ, ರೆಫರಿಗೆ, ಟೆಂಪೋ ಬಾಡಿಗೆಗೆ ಕೊಡಿ. ಮೂರು ತಾಲೂಕು, ಎಂಟು ತಂಡ, ಪ್ರತಿ ಭಾನುವಾರ ಪಂದ್ಯ. ಎಲ್ಲರೂ ಎಲ್ಲರ ಜೊತೆ ಎರಡು ಸಲ ಆಡಲಿ. ಒಬ್ಬ ಹುಡುಗನಿಗೆ ವರ್ಷಕ್ಕೆ ಹದಿನಾಲ್ಕು ಪಂದ್ಯ ಸಿಗುತ್ತೆ. ಕೊನೆಗೆ ಬೇಕಾದರೆ ಒಂದು ಫೈನಲ್ ಇಡಿ, ಮೈಕು ಹಚ್ಚಿ, ಪಟಾಕಿ ಹೊಡೀರಿ. ಯಾರು ಬೇಡ ಅಂತಾರೆ?

ನಾಕೌಟ್ ನೋಡೋಕೆ ಚೆಂದ. ಎದೆ ಡವಗುಟ್ಟುತ್ತೆ, ನಮ್ಮ ಚಾನೆಲ್‌ನವರಿಗೂ ಅದೇ ಬೇಕು, ಸುಳ್ಳು ಯಾಕೆ ಹೇಳಲಿ. ಆದರೆ ಆಟಗಾರ ಬೆಳೆಯೋದಕ್ಕೆ ಸೋತ ಮರು ಭಾನುವಾರವೂ ಪಂದ್ಯ ಇರಬೇಕು.

ಭಟ್ಕಳದ ಆ ತಮ್ಮನಿಗೆ ಒಂದು ಮಾತು. ನೀನು ಈ ಕಾರ್ಯಕ್ರಮ ನೋಡ್ತಿದ್ದರೆ ಬೂಟು ಹುಡುಕಿಟ್ಟುಕೋ. ಕಂಬಕ್ಕೆ ಬಡಿದದ್ದು ಒಂದು ಚೆಂಡು, ಅಷ್ಟೇ.