ಮಿಲಿಟ್ರಿ ಕಾರ್ಡಿನಲ್ಲಿ ನಮ್ಮ ಹೆಸರು

ನೆಲೋಗಿಯ ಅಕ್ಕಂದಿರೇ, ತಂಗಿಯರೇ,

ಮಿಲಿಟ್ರಿಯಲ್ಲಿ ಇರುವವರಿಗೆ ಗುರುತಿನ ಕಾರ್ಡು ಇರುತ್ತದೆ. ಅದನ್ನು ತೋರಿಸಿದರೇನೆ ಗೇಟಿನ ಒಳಗೆ ಬಿಡುತ್ತಾರೆ. ಅದು ಅವರೊಬ್ಬರದೇ. ಮನೆಯವರಿಗೆ ಬೇರೆ ಕಾರ್ಡು.

ಕ್ಯಾಂಟೀನ್ ಕಾರ್ಡು ಎಲ್ಲರಿಗೂ ಗೊತ್ತು. ಸೋಪು, ಕುಕ್ಕರು ಕಡಿಮೆ ದರಕ್ಕೆ ಸಿಗತಾವ. ಸಿಗಲಿ ಬಿಡ್ರಿ. ನಾವು ಹೇಳೋದು ದವಾಖಾನಿ ಕಾರ್ಡಿನ ಮಾತು. ಪಿಂಚಣಿ ಬರುವ ಮಾಜಿ ಸೈನಿಕರಿಗೆ 2003ರಲ್ಲಿ ಇ.ಸಿ.ಎಚ್.ಎಸ್. ಯೋಜನೆ ಬಂತು. ಅದರ ಸದಸ್ಯರಾದರೆ ಕೈಯಿಂದ ದುಡ್ಡು ಹಾಕದೆ ಚಿಕಿತ್ಸೆ ಸಿಗುತ್ತದೆ. ಹೆಂಡತಿಗೂ ಸಿಗುತ್ತದೆ. ಆದರೆ ಗಂಡನ ಕಾರ್ಡು ತೋರಿಸಿದರೆ ನಡೆಯೋದಿಲ್ಲ. ಆಕೆಯ ಹೆಸರು, ಆಕೆಯ ಫೋಟೊ ಇರುವ ಕಾರ್ಡೇ ಬೇಕು.

ತೊಡಕು ಇರೋದು ಹೆಸರಿನಲ್ಲಿ. ತವರಿನಲ್ಲಿ ಶರಣಮ್ಮ, ಗಂಡನ ಮನೆಯಲ್ಲಿ ಮಹಾದೇವಿ. ಮಿಲಿಟ್ರಿ ದಾಖಲೆಯಲ್ಲಿ ಒಂದು, ಆಧಾರ್ ಕಾರ್ಡಿನಲ್ಲಿ ಇನ್ನೊಂದು. ಹಿಂಗಾದರ ಕೆಲಸ ಅಲ್ಲೇ ನಿಲ್ಲುತ್ತದೆ. ಗಂಡ ತೀರಿಕೊಂಡರೆ ಕುಟುಂಬ ಪಿಂಚಣಿಗೂ ಇದೇ ತೊಡಕು. ಆಗ ಓಡಾಡೋರು ಯಾರು? ನಾವೇ.

ಅದಕ್ಕೇ ಅವರು ಇರುವಾಗಲೇ ಡಿಸ್ಚಾರ್ಜ್ ಬುಕ್ಕು, ಪಿಂಚಣಿ ಆದೇಶ ತೆಗೆಸಿ ನೋಡ್ರಿ. ಇಂಗ್ಲಿಷಿನಲ್ಲಿ ಇದ್ದರೆ ಅಂಜಬ್ಯಾಡ್ರಿ. ನಮ್ಮ ಹೆಸರಿನ ಅಕ್ಷರ ಗುರುತಿಸಿದರೆ ಸಾಕು. ತಪ್ಪಿದ್ದರೆ ಸೈನಿಕ ಕಲ್ಯಾಣ ಕಚೇರಿಯಲ್ಲಿ ಕೇಳಿ ಅರ್ಜಿ ಬರೆಯೋಣ. ಸೋಮವಾರ ಬುಕ್ಕು ತಗೊಂಡು ಬರ್ರಿ, ಕೂಡಿ ಓದೋಣ.