ಕೈಯಲ್ಲಿ ಮೊಬೈಲು, ಬೆನ್ನಿಗೆ ಸಂಘ

(ಗಿರಣಿ ಕೆಲಸಗಾರರ ಹಾಗೂ ಸಣ್ಣ ವ್ಯಾಪಾರಿಗಳ ಕೂಡುಸಭೆಯಲ್ಲಿ ಮಾಡಿದ ಭಾಷಣ)



ಇತ್ತೀಚೆಗೆ ನಮ್ಮ ತರುಣ ಕೆಲಸಗಾರರಲ್ಲಿ ಒಂದು ಮಾತು ಕೇಳಿಬರುತ್ತಿದೆ. "ಎಲ್ಲರ ಕೈಯಲ್ಲೂ ಮೊಬೈಲಿದೆ. ಒಂದು ಸಂದೇಶ ಹಾಕಿದರೆ ಸಾವಿರ ಜನಕ್ಕೆ ಮುಟ್ಟುತ್ತದೆ. ಇನ್ನು ಈ ಸಂಘ, ಚಂದಾ, ವಾರದ ಸಭೆ ಯಾತಕ್ಕೆ?" ಎಂಬುದೇ ಆ ಮಾತು. ನಾವು ಇದನ್ನು ತಳ್ಳಿಹಾಕುವುದಿಲ್ಲ. ಇದರಲ್ಲಿ ಅರ್ಧ ಸತ್ಯವಿದೆ, ಅರ್ಧ ಭ್ರಮೆಯಿದೆ. ಯಾವುದು ಎಷ್ಟು ಎಂಬುದನ್ನು ಟುನೀಸಿಯಾ ಮತ್ತು ಈಜಿಪ್ಟ್ ದೇಶಗಳ ದುಡಿಮೆಗಾರರ ಅನುಭವದಿಂದ ತೂಗಿ ನೋಡೋಣ.

ಮೊದಲು ಟುನೀಸಿಯಾ. 2008ರಲ್ಲಿ ಅಲ್ಲಿನ ಗಾಫ್ಸಾ ಪ್ರಾಂತದ ಫಾಸ್ಫೇಟ್ ಗಣಿಯೂರುಗಳ ಜನ ಕೆಲಸ ಕೇಳಿ ದಂಗೆಯೆದ್ದರು, ತಿಂಗಳುಗಟ್ಟಲೆ ಹೋರಾಡಿದರು. ಸರ್ಕಾರ ಸುದ್ದಿಗೆ ಬೀಗ ಹಾಕಿತು, ಪೊಲೀಸರನ್ನು ನುಗ್ಗಿಸಿತು, ಹತ್ತಿಕ್ಕಿತು. ಉಳಿದ ದೇಶಕ್ಕೆ ತಿಳಿದದ್ದು ಅಲ್ಪ. ಎರಡು ವರ್ಷದ ತರುವಾಯ, 2010ರ ಡಿಸೆಂಬರ್ 17ರಂದು ಸಿದಿ ಬೂಜಿದ್ ಪಟ್ಟಣದಲ್ಲಿ ಮೊಹಮ್ಮದ್ ಬುವಾಜಿಜಿ ಎಂಬ ತಳ್ಳುಗಾಡಿ ವ್ಯಾಪಾರಿಯ ತಕ್ಕಡಿಯನ್ನೂ ಸರಕನ್ನೂ ಪುರಸಭೆಯವರು ಕಿತ್ತುಕೊಂಡರು. ದೂರು ಕೇಳುವವರಿಲ್ಲದೆ ಆತ ಸರ್ಕಾರಿ ಕಚೇರಿಯ ಮುಂದೆ ಮೈಗೆ ಬೆಂಕಿ ಹಚ್ಚಿಕೊಂಡ. ತಕ್ಕಡಿ ಕಳೆದುಕೊಂಡವನ ಸಂಕಟವನ್ನು ಈ ಸಭೆಯ ಬೀದಿ ವ್ಯಾಪಾರಿಗಳಿಗೆ ನಾವು ವಿವರಿಸಬೇಕಾಗಿಲ್ಲ. ಈ ಸಲ ಪ್ರತಿಭಟನೆಯ ಚಿತ್ರ ಮೊಬೈಲಿನಲ್ಲಿ ಸೆರೆಯಾಯಿತು. ಫೇಸ್‌ಬುಕ್ಕಿಗೆ, ಅಲ್ಲಿಂದ ಅಲ್ ಜಜೀರಾ ವಾಹಿನಿಗೆ ಹೋಯಿತು. ಕಾರ್ಮಿಕ ಒಕ್ಕೂಟದ ಊರೂರಿನ ಶಾಖೆಗಳು ಜನರನ್ನು ಕೂಡಿಸಿದವು. ನಾಲ್ಕೇ ವಾರದಲ್ಲಿ, 2011ರ ಜನವರಿ 14ರಂದು, 23 ವರ್ಷ ಆಳಿದ ಬೆನ್ ಅಲಿ ದೇಶ ಬಿಟ್ಟು ಓಡಿದ. ಸುದ್ದಿಗೆ ಬೀಗ ಹಾಕುವ ಕಾಲ ಮುಗಿಯಿತು ಎಂಬುದೇ ನಮ್ಮ ತರುಣರ ಮಾತಿನ ಸತ್ಯಭಾಗ.

ಇನ್ನು ಈಜಿಪ್ಟ್. ಅಲ್ಲಿನ ಮಹಲ್ಲಾ ಅಲ್ ಕುಬ್ರಾ ದೊಡ್ಡ ಗಿರಣಿಯೂರು. ಸರ್ಕಾರಿ ಒಡೆತನದ ಅದರ ನೂಲು-ನೇಯ್ಗೆ ಗಿರಣಿಯಲ್ಲಿ 20,000ಕ್ಕೂ ಹೆಚ್ಚು ಜನ ದುಡಿಯುತ್ತಿದ್ದರು. 2006ರಲ್ಲಿ ಎರಡು ತಿಂಗಳ ಸಂಬಳದಷ್ಟು ಬೋನಸ್ ಕೊಡುವೆವೆಂದಿದ್ದ ಸರ್ಕಾರ ಡಿಸೆಂಬರಿನಲ್ಲಿ ಮಾತು ತಪ್ಪಿತು. ಹೊಲಿಗೆ ಖಾತೆಯ ಹೆಂಗಸರು ಮೊದಲು ಕೆಲಸ ನಿಲ್ಲಿಸಿ, ಗಂಡಸರೆಲ್ಲಿ ಎಂದು ಕೇಳುತ್ತ ನೇಯ್ಗೆ ಖಾತೆಗೆ ನಡೆದರು. ಗಿರಣಿ ನಿಂತಿತು.

ಅದೇ ಗಿರಣಿಯವರು ಕನಿಷ್ಠ ವೇತನಕ್ಕಾಗಿ 2008ರ ಏಪ್ರಿಲ್ 6ಕ್ಕೆ ಮುಷ್ಕರ ಸಾರಿದಾಗ, ವಿದ್ಯಾವಂತ ತರುಣರು ಬೆಂಬಲಕ್ಕೆ ಫೇಸ್‌ಬುಕ್ಕಿನಲ್ಲಿ ಗುಂಪು ಕಟ್ಟಿದರು. ಸುಮಾರು 70,000 ಜನ ಹೆಸರು ಕೊಟ್ಟರು. ಪೊಲೀಸರು ಮೊದಲೇ ಗಿರಣಿಯನ್ನು ವಶಮಾಡಿಕೊಂಡರು. ಮಹಲ್ಲಾದ ಬೀದಿಗಳಲ್ಲಿ ರಕ್ತ ಹರಿಯಿತು. ಕೈರೋದಲ್ಲಿ ಬೀದಿಗಿಳಿದವರು ಮಾತ್ರ ಕೆಲವರೇ. ಹೆಸರು ಕೊಡುವುದು ಸುಲಭ, ಹೆಜ್ಜೆ ಇಡುವುದು ಕಷ್ಟ.

ಆ ತರುಣರು ಪಾಠ ಕಲಿತರು. 2011ರ ಜನವರಿ 25ರ ಪ್ರತಿಭಟನೆಗೆ ಕೈರೋದಲ್ಲಿ 20 ಜಾಗಗಳನ್ನು ಫೇಸ್‌ಬುಕ್ಕಿನಲ್ಲಿ ಸಾರಿದರು; ಪೊಲೀಸರು ಅಲ್ಲಿ ಕಾದು ನಿಂತರು. 21ನೆಯ ಜಾಗ ಬೂಲಾಕ್ ಅಲ್ ದಕ್ರೂರ್ ಎಂಬ ಬಡವರ ಕೇರಿ. ಅದನ್ನು ಬಾಯಿಂದ ಬಾಯಿಗೆ ಮಾತ್ರ ಹೇಳಿದ್ದರು. ಅಲ್ಲಿಂದ ಹೊರಟ ಮೆರವಣಿಗೆ ತಹ್ರೀರ್ ಚೌಕ ಮುಟ್ಟಿತು. ಜನವರಿ 27ರ ರಾತ್ರಿ ಸರ್ಕಾರ ಇಂಟರ್‌ನೆಟ್ಟನ್ನೂ, ಮಾರನೆಯ ದಿನ ಮೊಬೈಲನ್ನೂ ನಿಲ್ಲಿಸಿತು. ಆದರೆ 28ರಂದು ಬೀದಿಗೆ ಬಂದವರು ಮುಂಚಿಗಿಂತ ಹೆಚ್ಚು. ಕೊನೆಯ ದಿನಗಳಲ್ಲಿ ಸೂಯೆಜ್‌ನಲ್ಲಿ, ಮಹಲ್ಲಾದಲ್ಲಿ ಕೆಲಸಗಾರರು ಮುಷ್ಕರ ಹೂಡಿದರು. ಫೆಬ್ರವರಿ 11ರಂದು ಮುಬಾರಕ್ ಇಳಿದ.

ಆಮೇಲೇನಾಯಿತು? ಚೌಕ ತುಂಬಿದ ತರುಣರಿಗೆ ಕೇರಿ ಕೇರಿಯಲ್ಲಿ ಶಾಖೆಯಿರಲಿಲ್ಲ. ಶಾಖೆಯಿದ್ದ ಮುಸ್ಲಿಂ ಬ್ರದರ್‌ಹುಡ್ 2012ರ ಚುನಾವಣೆ ಗೆದ್ದಿತು. ಬಂದೂಕಿದ್ದ ಸೈನ್ಯ 2013ರಲ್ಲಿ ಅಧಿಕಾರ ಕಿತ್ತುಕೊಂಡಿತು. 2014ರಲ್ಲಿ ಏಪ್ರಿಲ್ 6ರ ಚಳವಳಿಯನ್ನೇ ನಿಷೇಧಿಸಲಾಯಿತು. ಟುನೀಸಿಯಾದಲ್ಲಿ ಗಟ್ಟಿ ಕಾರ್ಮಿಕ ಒಕ್ಕೂಟವಿತ್ತು. ಪಕ್ಷಗಳನ್ನು ಒಂದೆಡೆ ಕೂರಿಸಿ 2014ರ ಸಂವಿಧಾನಕ್ಕೆ ದಾರಿ ಮಾಡಿದವರಲ್ಲಿ ಅದೂ ಒಂದು. 2015ರ ನೊಬೆಲ್ ಶಾಂತಿ ಪಾರಿತೋಷಕದಲ್ಲಿ ಅದಕ್ಕೂ ಪಾಲಿತ್ತು. ಅಲ್ಲಿಯೂ 2021ರಲ್ಲಿ ಅಧ್ಯಕ್ಷ ಸಯೀದ್ ಪಾರ್ಲಿಮೆಂಟನ್ನು ಮುಚ್ಚಿದ. ಗೆದ್ದ ಹಕ್ಕನ್ನು ದಿನವೂ ಕಾಯಬೇಕು.

ಬಂಧುಗಳೇ, ಮೊಬೈಲು ತಮಟೆಯಿದ್ದಂತೆ. ಜನರನ್ನು ಕರೆಯುತ್ತದೆ, ಬಂದವರಿಗೆ ಅನ್ನ, ವಕೀಲ, ಮುಷ್ಕರದ ನಿಧಿ ಒದಗಿಸುವುದು ಸಂಘ. ಅಲ್ಲದೆ ಈ ತಮಟೆಯ ಒಡೆಯರು ನಾವಲ್ಲ. ಕಂಪನಿ ಅದರ ಮಾಲೀಕ. ಸರ್ಕಾರ ಬೇಕೆಂದಾಗ ನಿಲ್ಲಿಸಬಲ್ಲುದು. 2019ರ ಆಗಸ್ಟಿನಿಂದ ಕಾಶ್ಮೀರದಲ್ಲಿ ತಿಂಗಳುಗಟ್ಟಲೆ ಇಂಟರ್‌ನೆಟ್ ನಿಂತದ್ದನ್ನು ನಾವು ಕಂಡಿದ್ದೇವೆ.

ಆದುದರಿಂದ ಮೊಬೈಲನ್ನು ಬಿಡಬೇಡಿ. ಅನ್ಯಾಯ ಕಂಡಲ್ಲಿ ಚಿತ್ರ ತೆಗೆಯಿರಿ, ಹಂಚಿರಿ. ಜೊತೆಗೆ ಪ್ರತಿ ಖಾತೆಗೆ, ಪ್ರತಿ ಓಣಿಗೆ ಒಬ್ಬ ಹೊಣೆಗಾರನನ್ನು ಆರಿಸಿರಿ. ಸದಸ್ಯರ ಪಟ್ಟಿ ಕಾಗದದ ಮೇಲೂ ಇರಲಿ. ವಾರದ ಸಭೆ ತಪ್ಪಿಸಬೇಡಿ. ಮೊಬೈಲು ಸತ್ತ ದಿನವೂ ನೆರೆಯವನ ಬಾಗಿಲು ತಟ್ಟುವವರು ನಮ್ಮಲ್ಲಿರಬೇಕು.