ನೂತಿಬಾರಾ ಗುಡ್ಡದ ಕವಿತಾವಾಚನ



ದಕ್ಷಿಣ ಅಮೆರಿಕದ ಕೊಲಂಬಿಯಾ ದೇಶದಲ್ಲಿ, ಆಂಡೀಸ್ ಪರ್ವತಗಳ ನಡುವಣ ಕಣಿವೆಯೊಂದರಲ್ಲಿ ಮೆಡೆಲಿನ್ ನಗರವಿದೆ. ಸುತ್ತಲಿನ ಇಳಿಜಾರುಗಳ ತುಂಬ ಬಡವರ ಕೇರಿಗಳು. ಅಲ್ಲಿನ ಅನೇಕರು ಹಳ್ಳಿಗಳ ಹಿಂಸೆಗೆ ಬೆದರಿ, ನೆಲ ಬಿಟ್ಟು ಬಂದವರು. ಮಾದಕ ವಸ್ತುಗಳ ದಂಧೆ ಬೇರೂರಿದ್ದ ಆ ನಗರದಲ್ಲಿ 1991ನೆಯ ವರ್ಷವೊಂದರಲ್ಲೇ 6000ಕ್ಕೂ ಹೆಚ್ಚು ಜನ ಕೊಲೆಯಾದರು. ಅದೇ ವರ್ಷ ಫರ್ನಾಂಡೊ ರೆಂಡೋನ್ ಮತ್ತು 'ಪ್ರೊಮೆತೆಯೊ' ಎಂಬ ಕಾವ್ಯಪತ್ರಿಕೆಯ ಬಳಗದವರು ನಗರದ ನಡುವಿನ ನೂತಿಬಾರಾ ಗುಡ್ಡದ ಮೇಲೆ ಕವಿಗಳನ್ನು ಕರೆದು ಕವಿತೆ ಓದಿಸಿದರು. ಅಂದು ಮೊದಲಾದದ್ದು ಅಂತಾರಾಷ್ಟ್ರೀಯ ಕಾವ್ಯೋತ್ಸವವಾಗಿ ಬೆಳೆಯಿತು.

ಗುಂಡಿಗೆ ಕವಿತೆ ಉತ್ತರವೇ ಎಂದು ಕೇಳುವವರಿದ್ದಾರೆ. ಪ್ರಶ್ನೆ ನ್ಯಾಯವಾದದ್ದೇ. ಕವಿತೆ ಓದಿದ್ದರಿಂದ ಕೊಲೆಗಳು ನಿಂತವು ಎಂದರೆ ಅತಿಶಯೋಕ್ತಿಯಾದೀತು. ಆದರೆ ಅಂಜಿ ಬಾಗಿಲು ಮುಚ್ಚಿಕೊಂಡಿದ್ದ ಜನ ಹೊರಗೆ ಬಂದು, ಅಪರಿಚಿತರ ಪಕ್ಕದಲ್ಲಿ ಗಂಟೆಗಟ್ಟಲೆ ಕುಳಿತರಲ್ಲ, ಆ ದಿನಗಳಲ್ಲಿ ಅದು ಸಣ್ಣ ಸಂಗತಿಯಾಗಿರಲಿಲ್ಲ.

ಓದುವ ಕ್ರಮವನ್ನು ಗಮನಿಸಬೇಕು. ಪ್ರವೇಶಕ್ಕೆ ಹಣವಿಲ್ಲ. ಹೊರನಾಡಿನ ಕವಿ ಮೊದಲು ತನ್ನ ಭಾಷೆಯಲ್ಲಿಯೇ ಓದುತ್ತಾನೆ, ಅರಬ್ಬಿಯಾಗಲಿ, ಚೀನಿಯಾಗಲಿ. ಅದರ ಸ್ಪ್ಯಾನಿಷ್ ಅನುವಾದವನ್ನು ಆಮೇಲೆ ಇನ್ನೊಬ್ಬರು ಓದುತ್ತಾರೆ. ಮೊದಲ ಓದಿನ ಒಂದು ಪದವೂ ತಿಳಿಯದ ಸಾವಿರಾರು ಜನ ಅದನ್ನು ಮೌನವಾಗಿ ಕೇಳುತ್ತಾರೆ. ಎಲ್ಲಿ ಕವಿ ಉಸಿರು ತೆಗೆದುಕೊಂಡ, ಯಾವ ಮಾತನ್ನು ಒತ್ತಿದ, ಎಲ್ಲಿ ಅವನ ದನಿ ತಗ್ಗಿತು ಎಂಬುದು ಅವರ ಕಿವಿಗೆ ಬೀಳುತ್ತದೆ. ಅಚ್ಚಿನ ಪುಟದಲ್ಲಿ ಇದೊಂದೂ ಉಳಿಯದು. ಅರ್ಥ ತಡವಾಗಿ ಬರಲಿ ಎಂದು ಕಾಯುವ ಈ ತಾಳ್ಮೆಯೇ ಆ ಉತ್ಸವದ ನಿಜವಾದ ಸಾಧನೆ. ತಮ್ಮ ಸರದಿ ಮುಗಿದೊಡನೆ ವೇದಿಕೆಯಿಳಿದು ಬಸ್ಸು ಹಿಡಿಯುವ ಕವಿಗಳನ್ನು ಕನ್ನಡದ ಕವಿಗೋಷ್ಠಿಗಳಲ್ಲಿ ಕಂಡವರಿಗೆ ಇದು ವಿಚಿತ್ರವೆನಿಸಬಹುದು!

ಕೊಲಂಬಿಯಾದ ಮೂಲನಿವಾಸಿಗಳಲ್ಲಿ 60ಕ್ಕೂ ಹೆಚ್ಚು ಭಾಷೆಗಳಿವೆ, ಹಲವು ಅಳಿವಿನಂಚಿನಲ್ಲಿವೆ. ಆ ಭಾಷೆಗಳ ಕವಿಗಳೂ ಅದೇ ವೇದಿಕೆಯಲ್ಲಿ, ಅದೇ ಕ್ರಮದಲ್ಲಿ ಓದುತ್ತಾರೆ. ತನ್ನ ನುಡಿಯನ್ನು ರಾಜಧಾನಿಯ ಭಾಷೆಯ ಹಿಂದೆ ಅಡಗಿಸದೆ, ಮೊದಲು ಅದನ್ನೇ ಆಡುವ ಅವಕಾಶ ಅಲ್ಲಿ ಅವರದು. ಕಾಡು, ಹೊಳೆ, ಗಿಡಮೂಲಿಕೆಗಳ ಹೆಸರುಗಳು ಆ ನುಡಿಗಳಲ್ಲಿ ಮಾತ್ರ ಬದುಕಿರುವಾಗ, ಅವು ಗಟ್ಟಿದನಿಯಲ್ಲಿ ಕೇಳಿಸುವುದಕ್ಕೆ ಕಾವ್ಯಕ್ಕೂ ಮಿಗಿಲಾದ ಬೆಲೆಯಿದೆ.

ಗುಡ್ಡದ ಮೇಲಿನ ಕಾರ್ಲೋಸ್ ವಿಯೆಕೊ ಬಯಲುರಂಗಮಂದಿರದಲ್ಲಿ ಮಳೆ ಬಂದರೂ ಕೇಳುಗರು ಏಳುವುದಿಲ್ಲ, ಕೊಡೆ ಬಿಚ್ಚಿ ಕೂರುತ್ತಾರೆ. ಕೇರಿಗಳಲ್ಲೂ ಸೆರೆಮನೆಗಳಲ್ಲೂ ವಾಚನ ನಡೆಯುತ್ತದೆ. 2020ರಲ್ಲಿ ಕೊರೊನಾ ಕಾರಣದಿಂದ ಅಂತರಜಾಲದಲ್ಲಿ ನಡೆಯಿತು, ನಿಲ್ಲಲಿಲ್ಲ.

2006ರಲ್ಲಿ ಈ ಉತ್ಸವಕ್ಕೆ 'ರೈಟ್ ಲೈವ್ಲಿಹುಡ್' ಪ್ರಶಸ್ತಿ ಬಂದಿತು. 1987ರಲ್ಲಿ ಅದೇ ಪ್ರಶಸ್ತಿ ಹಿಮಾಲಯದ ಚಿಪ್ಕೊ ಚಳವಳಿಗೆ ಸಂದಿತ್ತು. 1983ರಲ್ಲಿ ಶಿರಸಿ ಬಳಿಯ ಸಲ್ಕಣಿಯಲ್ಲಿ ಆರಂಭವಾದ ಅಪ್ಪಿಕೊಗೆ ಪ್ರೇರಣೆಯಾದುದು ಆ ಚಿಪ್ಕೊ. ಅಲ್ಲಿಯೂ ಒಬ್ಬ ಕವಿಯಿದ್ದರು: ಘನಶ್ಯಾಮ ಸೈಲಾನಿ, ತಾವು ಕಟ್ಟಿದ ಹಾಡುಗಳನ್ನು ಗಢವಾಲದ ಹಳ್ಳಿಗಳಲ್ಲಿ ತಾವೇ ಹಾಡುತ್ತ ನಡೆದವರು.